ಮನೆ ರೌಟರ್‌ನ ಬಾಗಿಲು ಯಾರು ತೆಗೀಬೇಕು?

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾನು ಮೂರು ರಾತ್ರಿ ನಿದ್ದೆಗೆಟ್ಟಿದ್ದು ಪರೀಕ್ಷೆಗಲ್ಲ, ಮೈನ್‌ಕ್ರಾಫ್ಟ್‌ಗೆ. ಆಡೋಕೂ ಅಲ್ಲ, ಆಡಿಸೋಕೆ. ಅಣ್ಣ ಬಿಟ್ಟುಹೋಗಿದ್ದ ಹಳೇ ಲ್ಯಾಪ್‌ಟಾಪ್ ಒಂದು ಮನೇಲಿ ಅಟ್ಟದ ಮೇಲೆ ಬಿದ್ದಿತ್ತು. ಅದಕ್ಕೆ ಉಬುಂಟು ಹಾಕಿ, ಮೈನ್‌ಕ್ರಾಫ್ಟ್ ಸರ್ವರ್ ಕೂರಿಸಿ, ಹಾಸ್ಟೆಲ್‌ನ ನಾವು ಐದು ಜನ ಅವರವರ ಊರಿಂದಲೇ ಒಟ್ಟಿಗೆ ಆಡೋಣ ಅಂತ ಪ್ಲಾನ್. ಯೂಟ್ಯೂಬ್‌ನಲ್ಲಿ ಹತ್ತು ನಿಮಿಷದ ವಿಡಿಯೋ ಇತ್ತು. ಲ್ಯಾಪ್‌ಟಾಪ್‌ಗೆ ಒಂದು ಫಿಕ್ಸೆಡ್ ಐಪಿ ಕೊಡಿ, ರೌಟರ್‌ನಲ್ಲಿ 25565ನೇ ಪೋರ್ಟ್ ಫಾರ್ವರ್ಡ್ ಮಾಡಿ, ಮುಗೀತು.

ಮುಗೀಲಿಲ್ಲ. ಮನೆ ವೈಫೈನಲ್ಲಿ ನಾನು ಕನೆಕ್ಟ್ ಆಗ್ತಿದ್ದೆ, ಬೇರೆ ಯಾರೂ ಆಗ್ತಿರಲಿಲ್ಲ. ಮೂರನೇ ರಾತ್ರಿ ಎರಡು ಗಂಟೆಗೆ ಒಬ್ಬ ಫ್ರೆಂಡ್, "ಮಗಾ, ಬಿಟ್ಬಿಡು, ಫ್ರೀ ಸರ್ವರ್ ಯಾವ್ದಾದ್ರೂ ತಗೊಳೋಣ" ಅಂತ ಮೆಸೇಜ್ ಹಾಕಿ ಮಲಗಿದ. ನನಗೆ ಹಠ. ಆ ಹಠದಲ್ಲಿ ಗೊತ್ತಾದ ವಿಷಯಕ್ಕೂ, ಅದಾಗಿ ಒಂದು ವಾರಕ್ಕೆ ಚಿಕ್ಕಪ್ಪನ ಅಂಗಡಿಯಲ್ಲಿ ಕಂಡ ವಿಷಯಕ್ಕೂ ಸೇರಿ ಈ ಬರಹ. ಇದು ಟ್ಯುಟೋರಿಯಲ್ ಅಲ್ಲ. ಆದ್ರೆ ನಡುವೆ ಸ್ವಲ್ಪ ಟ್ಯುಟೋರಿಯಲ್ ಬರುತ್ತೆ, ಅದಿಲ್ಲದೆ ನನ್ನ ಜಗಳ ಏನು ಅಂತ ಅರ್ಥ ಆಗಲ್ಲ.

ನೆಟ್‌ವರ್ಕ್ಸ್ ಪೇಪರ್ ನಮಗಿನ್ನೂ ಬಂದಿಲ್ಲ, ಹಾಗಾಗಿ ನಾನು ಇದನ್ನ ಅರ್ಥ ಮಾಡ್ಕೊಂಡಿದ್ದು ವಠಾರದ ಲೆಕ್ಕದಲ್ಲಿ. ಅಜ್ಜಿ ಹೇಳೋ ಹಳೇ ಬೆಂಗಳೂರಿನ ವಠಾರ ನೆನೆಸಿಕೊಳ್ಳಿ. ರಸ್ತೆಗೆ ಒಂದೇ ಗೇಟು, ಒಂದೇ ಡೋರ್ ನಂಬರ್. ಒಳಗೆ 1ನೇ ಮನೆ, 2ನೇ ಮನೆ, 3ನೇ ಮನೆ. ಎಲ್ಲಾ ವಠಾರದಲ್ಲೂ ಒಂದೊಂದು 3ನೇ ಮನೆ ಇರುತ್ತೆ, ಅದರಿಂದ ಯಾರಿಗೂ ಗೊಂದಲ ಇಲ್ಲ, ಯಾಕಂದ್ರೆ ಆ ನಂಬರಿಗೆ ಗೇಟಿನ ಒಳಗೆ ಮಾತ್ರ ಬೆಲೆ. ನಿಮ್ಮ ಮನೆಯ 192.168.1.5 ಕೂಡ ಇಷ್ಟೇ. ನಿಮ್ಮ ಪಕ್ಕದ ಮನೇಲೂ ಒಂದು 192.168.1.5 ಇರಬಹುದು. ಈ ಒಳಗಿನ ನಂಬರುಗಳನ್ನ 1996ರಲ್ಲಿ ಆರ್‌ಎಫ್‌ಸಿ 1918 ಅನ್ನೋ ದಾಖಲೆಯಲ್ಲಿ ಎತ್ತಿಟ್ಟರು: 10ರಿಂದ ಶುರುವಾಗೋವು, 172.16ರಿಂದ 172.31ರ ತನಕ, ಆಮೇಲೆ 192.168.

ಹಳೇ ಐಪಿ ಅಡ್ರೆಸ್ 32 ಬಿಟ್‌ದು. ಒಟ್ಟು ಸುಮಾರು 429 ಕೋಟಿ ಆಗುತ್ತೆ, ಭೂಮಿ ಮೇಲಿನ ಜನರಿಗಿಂತ ಕಡಿಮೆ. ಅದಕ್ಕೇ ಈ ವಠಾರದ ಏರ್ಪಾಡು, ಅದರ ಹೆಸರು ನ್ಯಾಟ್. ಒಳಗಿಂದ ಯಾರಾದ್ರೂ ಹೊರಗೆ ಹೋದ್ರೆ ಗೇಟ್‌ನವನು, ಅಂದ್ರೆ ರೌಟರ್, ಯಾರು ಎಲ್ಲಿಗೆ ಹೋದರು ಅಂತ ಬರೆದಿಟ್ಕೊಳ್ತಾನೆ. ಉತ್ತರ ಬಂದಾಗ ಸರಿಯಾದ ಮನೆಗೆ ಕಳಿಸ್ತಾನೆ. ಆದ್ರೆ ಹೊರಗಿಂದ ಯಾರೋ ತಾವಾಗೇ ಬಂದು ಗೇಟ್ ತಟ್ಟಿದ್ರೆ? ಯಾವ ಮನೆಗೆ ಅಂತ ಅವನಿಗೆ ಗೊತ್ತಿಲ್ಲ. ವಾಪಸ್ ಕಳಿಸ್ತಾನೆ. ಪೋರ್ಟ್ ಫಾರ್ವರ್ಡಿಂಗ್ ಅಂದ್ರೆ ಗೇಟ್‌ನವನಿಗೆ "ಹಾಲಿನವನು ಬಂದ್ರೆ 3ನೇ ಮನೆಗೆ ಬಿಡು" ಅಂತ ಹೇಳಿಡೋದು. ಯಾವ ಕೆಲಸಕ್ಕೆ ಬಂದ ಅನ್ನೋದೇ ಪೋರ್ಟ್ ನಂಬರ್. ವೆಬ್‌ಸೈಟ್‌ಗೆ 443, ಎಸ್‌ಎಸ್‌ಎಚ್‌ಗೆ 22, ಮೈನ್‌ಕ್ರಾಫ್ಟ್ ಜಾವಾ ಎಡಿಷನ್‌ಗೆ 25565.

ಇಲ್ಲಿ ಒಂದು ತಲೆನೋವು. ವಠಾರದ ಓನರ್ ದಿನಾ ಮನೆ ನಂಬರ್ ಬದಲಾಯಿಸ್ತಾ ಇದ್ರೆ ಹಾಲು ಯಾರ ಮನೆಗೆ ಹೋಗುತ್ತೆ? ಡಿಎಚ್‌ಸಿಪಿ ಮಾಡೋದು ಹತ್ತಿರ ಹತ್ತಿರ ಅದನ್ನೇ. ಕನೆಕ್ಟ್ ಆದವರಿಗೆ ಖಾಲಿ ಇರೋ ನಂಬರ್ ಸ್ವಲ್ಪ ಹೊತ್ತಿಗೆ ಬಾಡಿಗೆ ಕೊಡುತ್ತೆ. ಅದರ ಭಾಷೆಯಲ್ಲೂ ಅದಕ್ಕೆ ಲೀಸ್ ಅಂತಲೇ ಹೆಸರು. ಬಹಳ ಸಲ ಅದೇ ನಂಬರ್ ಮತ್ತೆ ಸಿಗುತ್ತೆ, ಆದ್ರೆ ಸಿಕ್ಕೇ ಸಿಗುತ್ತೆ ಅಂತ ಏನಿಲ್ಲ. ಒಂದಿನ ಕರೆಂಟ್ ಹೋಗಿ ಬಂದ ಮೇಲೆ ಲ್ಯಾಪ್‌ಟಾಪ್‌ಗೆ ಬೇರೆ ನಂಬರ್, ಹಳೇ ನಂಬರ್ ಅಮ್ಮನ ಫೋನಿಗೆ. ಮೈನ್‌ಕ್ರಾಫ್ಟ್ ಆಡೋಕೆ ಬಂದವರು ಅಮ್ಮನ ಫೋನ್ ತಟ್ಟುತ್ತಾರೆ. ಅದಕ್ಕೆ ಅಡ್ರೆಸ್ ಫಿಕ್ಸ್ ಮಾಡಬೇಕು.

ಫಿಕ್ಸ್ ಮಾಡೋಕೆ ಎರಡು ದಾರಿ. ಲ್ಯಾಪ್‌ಟಾಪ್ ಒಳಗೇ ಕೂತು ನಂಬರ್ ಟೈಪ್ ಮಾಡೋದು ಒಂದು. ರೌಟರ್‌ಗೆ ಹೋಗಿ "ಈ ಮ್ಯಾಕ್ ಅಡ್ರೆಸ್ ಬಂದ್ರೆ ಯಾವಾಗಲೂ ಇದೇ ನಂಬರ್ ಕೊಡು" ಅಂತ ಹೇಳೋದು ಇನ್ನೊಂದು. ಇದನ್ನ ಅಡ್ರೆಸ್ ರಿಸರ್ವೇಷನ್ ಅಂತಾರೆ. ವಿಡಿಯೋಗಳು ಮೊದಲನೇದನ್ನ ಹೇಳಿಕೊಡ್ತವೆ. ನನ್ನ ಓಟು ಎರಡನೇದಕ್ಕೆ, ಕಣ್ಣು ಮುಚ್ಚಿಕೊಂಡು. ನೀವೇ ಟೈಪ್ ಮಾಡಿದ ನಂಬರ್ ರೌಟರ್‌ಗೆ ಗೊತ್ತಿರಲ್ಲ. ಅದು ಅದೇ ನಂಬರನ್ನ ನಾಳೆ ಮನೆಗೆ ಬಂದ ನೆಂಟರ ಫೋನಿಗೂ ಕೊಟ್ಟುಬಿಡಬಹುದು, ಆಗ ಎರಡೂ ಒದ್ದಾಡ್ತವೆ. ಇನ್ನು ರೌಟರ್ ಬದಲಾಗಿ ಮನೆಯ ನಂಬರುಗಳು 192.168.1ರಿಂದ 192.168.0ಕ್ಕೆ ಹೋದ್ರೆ ನಿಮ್ಮ ಸಾಧನ ಹಳೇ ವಠಾರದ ನಂಬರ್ ಹಿಡ್ಕೊಂಡು ಹೊಸ ವಠಾರದಲ್ಲಿ ನಿಂತಿರುತ್ತೆ. ರಿಸರ್ವೇಷನ್‌ಗೂ ಒಂದು ಕಿರಿಕಿರಿ ಇದೆ: ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಫೋನುಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ಅಡ್ರೆಸ್ ಹೇಳಲ್ಲ, ಸುಳ್ಳು ನಂಬರ್ ಹೇಳ್ತವೆ. ಪ್ರೈವೆಸಿಗೆ ಒಳ್ಳೇದೇ. ಆದ್ರೆ ಫೋನಿಗೆ ಅಡ್ರೆಸ್ ಫಿಕ್ಸ್ ಮಾಡೋಕೆ ಹೋದ್ರೆ ಇದು ನೆನಪಿರಲಿ.

ಇಷ್ಟೆಲ್ಲಾ ನಾನು ಮಾಡಿದ್ದೆ. ಆದ್ರೂ ಯಾಕೆ ಆಗಲಿಲ್ಲ?

ರೌಟರ್‌ನ ಸ್ಟೇಟಸ್ ಪೇಜ್‌ನಲ್ಲಿ ವ್ಯಾನ್ ಐಪಿ ಅಂತ ಒಂದು ಸಾಲು ಇರುತ್ತೆ, ಅದು ಗೇಟಿನ ಹೊರಗಿನ ನಂಬರ್. ನಮ್ಮದರಲ್ಲಿ ಅದು 100ರಿಂದ ಶುರುವಾಗ್ತಿತ್ತು. ಬ್ರೌಸರ್‌ನಲ್ಲಿ "ನನ್ನ ಐಪಿ ಯಾವುದು" ಅಂತ ಹುಡುಕಿದ್ರೆ ಬರ್ತಿದ್ದ ನಂಬರೇ ಬೇರೆ. ಎರಡೂ ಒಂದೇ ಆಗಿರಬೇಕಿತ್ತು. 100.64ರಿಂದ 100.127ರವರೆಗಿನ ನಂಬರುಗಳನ್ನ 2012ರಲ್ಲಿ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆ ಅಂತಲೇ ಮೀಸಲಿಟ್ಟಿದ್ದಾರೆ. ಅದಕ್ಕೂ ಒಂದು ವರ್ಷ ಮುಂಚೆ, 2011ರ ಫೆಬ್ರವರಿಯಲ್ಲಿ, ಜಗತ್ತಿಗೆಲ್ಲಾ ಅಡ್ರೆಸ್ ಹಂಚೋ ಐಎಎನ್‌ಎ ಹತ್ತಿರ ಇದ್ದ ಹಳೇ ಅಡ್ರೆಸ್‌ಗಳ ದಾಸ್ತಾನು ಖಾಲಿಯಾಗಿತ್ತು. ಆದ್ದರಿಂದ ಕಂಪನಿಗಳು ಎಷ್ಟೋ ಮನೆಗಳನ್ನ ಸೇರಿಸಿ ಒಂದೇ ಪಬ್ಲಿಕ್ ಅಡ್ರೆಸ್ ಹಿಂದೆ ಕೂರಿಸೋಕೆ ಶುರು ಮಾಡಿದವು. ಇದಕ್ಕೆ ಸಿಜಿನ್ಯಾಟ್ ಅಂತಾರೆ. ವಠಾರದೊಳಗೆ ವಠಾರ. ನಾನು ಮೂರು ರಾತ್ರಿ ನಮ್ಮ ಗೇಟ್ ತೆಗೆದಿಟ್ಕೊಂಡು ಕಾಯ್ತಾ ಕೂತಿದ್ದೆ, ದೊಡ್ಡ ಗೇಟಿನ ಬೀಗ ಬೇರೆಯವರ ಕೈಯಲ್ಲಿತ್ತು.

ನಮ್ಮೂರಲ್ಲಿ ಇಂಟರ್ನೆಟ್ ಕೊಡೋ ಅಂಕಲ್‌ಗೆ ಫೋನ್ ಮಾಡಿದೆ. ಒಳ್ಳೇ ಮನುಷ್ಯ, ಮಳೇಲಿ ಕಂಬ ಹತ್ತಿ ಫೈಬರ್ ಸರಿಮಾಡಿದವರು. "ಅಂಕಲ್, ನಮಗೆ ಪಬ್ಲಿಕ್ ಐಪಿ ಕೊಡ್ತೀರಾ?" ಅಂದೆ. "ಯಾಕಪ್ಪಾ, ನೆಟ್ ಸ್ಲೋ ಇದ್ಯಾ?" ಅಂದ್ರು. ಇಲ್ಲ, ಮನೇಲಿ ಸರ್ವರ್ ಇಡ್ಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಗಳಿಗೆ ಅದು ಕೊಡಲ್ಲಪ್ಪ. ಅಂಗಡಿ, ಆಫೀಸಿಗೆ ಮಾತ್ರ. ತಿಂಗಳಿಗೆ ಎಕ್ಸ್‌ಟ್ರಾ ಆಗುತ್ತೆ" ಅಂದ್ರು.

ನನಗೆ ಸಿಟ್ಟು ಬಂದಿದ್ದು ದುಡ್ಡಿಗಲ್ಲ. ನಾವು ದುಡ್ಡು ಕೊಟ್ಟು ತಗೊಂಡಿರೋ ಕನೆಕ್ಷನ್‌ನಲ್ಲಿ ನೋಡಬಹುದು, ಡೌನ್‌ಲೋಡ್ ಮಾಡಬಹುದು, ರೀಲ್ಸ್ ಹಾಕಬಹುದು. ನಮ್ಮದೇ ಒಂದು ಚಿಕ್ಕ ಸರ್ವರ್ ಇಟ್ಟು ನಾಲ್ಕು ಜನರನ್ನ ಒಳಗೆ ಕರೆಯೋಕೆ ಆಗಲ್ಲ. ಅದಕ್ಕೆ ಯಾರದೋ ಕ್ಲೌಡ್‌ಗೆ ಹೋಗಬೇಕು. ಇದನ್ನ ಒಬ್ಬರೂ ನಮಗೆ ಹೇಳಿರಲಿಲ್ಲ. ಕನೆಕ್ಷನ್ ತಗೊಳ್ಳುವಾಗ ಎಷ್ಟು ಎಂಬಿಪಿಎಸ್ ಅಂತ ಹೇಳ್ತಾರೆ, ನಿಮಗೆ ಸ್ವಂತ ಅಡ್ರೆಸ್ ಇರಲ್ಲ ಅಂತ ಹೇಳಲ್ಲ. ಇನ್ನೊಂದು, ಅದೇ ದೊಡ್ಡ ಗೇಟಿನ ಹಿಂದಿರೋ ಬೇರೆ ಮನೆಯವನು ಏನಾದ್ರೂ ಕಿತಾಪತಿ ಮಾಡಿದ್ರೆ ವೆಬ್‌ಸೈಟ್‌ಗಳು ಆ ಅಡ್ರೆಸ್ಸನ್ನೇ ಬ್ಲಾಕ್ ಮಾಡ್ತವೆ, ನಿಮಗೆ ಸುಮ್ಮಸುಮ್ಮನೆ "ನೀವು ರೋಬೋಟ್ ಅಲ್ಲ ತಾನೇ" ಅಂತ ಟ್ರಾಫಿಕ್ ಲೈಟ್ ಗುರುತಿಸೋ ಕೆಲಸ.

ಹೀಗೆ ಸಿಟ್ಟಲ್ಲಿದ್ದಾಗಲೇ ಚಿಕ್ಕಪ್ಪ ಅಂಗಡಿಗೆ ಕರೆದ್ರು. ಹಾರ್ಡ್‌ವೇರ್ ಅಂಗಡಿ, ನಮ್ಮ ಊರಿಂದ ಅರ್ಧ ಗಂಟೆ ದಾರಿ. ಸಿಸಿ ಕ್ಯಾಮೆರಾ ಮೊಬೈಲಲ್ಲಿ ಬರ್ತಿಲ್ಲ, ಬಂದು ನೋಡೋ ಅಂದ್ರು. ಕಾರಣ ಐದು ನಿಮಿಷದಲ್ಲಿ ಸಿಕ್ತು: ಹೋದ ವಾರ ರೌಟರ್ ಬದಲಾಯಿಸಿದ್ರು, ಡಿವಿಆರ್ ಹಳೇ ವಠಾರದ ನಂಬರ್ ಹಿಡ್ಕೊಂಡು ನಿಂತಿತ್ತು. ಅವರದ್ದು ಅಂಗಡಿ ಕನೆಕ್ಷನ್, ಕ್ಯಾಮೆರಾಗೆ ಅಂತಲೇ ಸ್ಟ್ಯಾಟಿಕ್ ಪಬ್ಲಿಕ್ ಐಪಿಗೆ ತಿಂಗಳು ತಿಂಗಳು ದುಡ್ಡು ಕಟ್ತಿದ್ರು. ನನಗೆ ಸಿಗದೇ ಇದ್ದಿದ್ದು ಅಲ್ಲಿ ಮೂಲೆಯಲ್ಲಿ, ಪೇಂಟ್ ಡಬ್ಬಗಳ ಹಿಂದೆ ಇತ್ತು.

ಹೊಸ ರೌಟರ್‌ನಲ್ಲಿ ಮತ್ತೆ ಸೆಟ್ ಮಾಡೋಣ ಅಂತ, ಮೊದಲು ಏನಿತ್ತು ನೋಡೋಕೆ ಹಳೇ ರೌಟರನ್ನ ಪ್ಲಗ್ ಹಾಕಿ ತೆಗೆದೆ. ಪೋರ್ಟ್ ಫಾರ್ವರ್ಡಿಂಗ್ ಪೇಜ್ ಖಾಲಿ. ಹಾಗಾದ್ರೆ ಇಷ್ಟು ದಿನ ಹೇಗೆ ಬರ್ತಿತ್ತು? ಇನ್ನೊಂದು ಪೇಜ್‌ನಲ್ಲಿ ಡಿಎಂಜೆಡ್ ಅಂತ ಒಂದು ಆಪ್ಷನ್ ಆನ್ ಆಗಿತ್ತು, ಅದರ ಮುಂದೆ ಡಿವಿಆರ್‌ನ ನಂಬರ್. ಮನೆ ರೌಟರ್‌ಗಳಲ್ಲಿ ಇದರ ಅರ್ಥ, ಬೇರೆಲ್ಲೂ ಹೇಳಿರದ ಯಾವುದೇ ಕೆಲಸಕ್ಕೆ ಯಾರೇ ಬಂದರೂ 3ನೇ ಮನೆಗೆ ಬಿಡು. ಹಾಲಿನವನಿಗೆ ಮಾತ್ರ ಅಲ್ಲ, ಬಂದವರಿಗೆಲ್ಲ. ಪೋರ್ಟ್ ನಂಬರ್ 16 ಬಿಟ್‌ದು, 65,000ಕ್ಕೂ ಹೆಚ್ಚಿವೆ. ಅಷ್ಟೂ ತೆರೆದಿದ್ದವು.

ಡಿವಿಆರ್ ಪಾಸ್‌ವರ್ಡ್ ಕೇಳಿದೆ. ಚಿಕ್ಕಪ್ಪ ಡಬ್ಬದ ಮೇಲಿನ ಸ್ಟಿಕರ್ ತೋರಿಸಿದ್ರು. ಅಡ್ಮಿನ್, ಆಮೇಲೆ ಒಂದರಿಂದ ಆರು. ಕ್ಯಾಮೆರಾ ಹಾಕಿದವನು ಬರೆದಿದ್ದು, ಎರಡು ವರ್ಷದಿಂದ ಅದೇ.

ಹಳೇ ರೌಟರನ್ನೇ ಒಂದು ನಿಮಿಷ ವಾಪಸ್ ಹಾಕ್ತೀನಿ, ಒಂದು ವಿಷಯ ತೋರಿಸ್ಬೇಕು ಅಂತ ಚಿಕ್ಕಪ್ಪನ್ನ ಕೇಳಿ, ಹಾಕಿದೆ. ನನ್ನ ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾ ಆನ್ ಮಾಡಿದೆ, ಅಂದ್ರೆ ಈಗ ನಾನು ಹೊರಗಿನವನು. ಬ್ರೌಸರ್‌ನಲ್ಲಿ ಅಂಗಡಿ ಅಡ್ರೆಸ್, ಅಡ್ಮಿನ್, ಒಂದರಿಂದ ಆರು. ಕ್ಯಾಶ್ ಕೌಂಟರ್ ಬಂತು. ಕೌಂಟರ್ ಹಿಂದೆ ಚಿಕ್ಕಮ್ಮ ಸ್ಟೀಲ್ ಲೋಟದಲ್ಲಿ ಕಾಫಿ ಕುಡೀತಾ ಕೂತಿದ್ರು. ಫೋನ್ ತಿರುಗಿಸಿ ಅವರಿಗೆ ತೋರಿಸಿದೆ. ಮೊದಲು ನಕ್ಕರು. ಆಮೇಲೆ, "ಇದು ನಮ್ಮ ಮೊಬೈಲಲ್ಲಿ ಮಾತ್ರ ತಾನೇ ಬರೋದು?" ಅಂದ್ರು. ನಾನು ಇಲ್ಲ ಅಂದೆ. "ಎರಡು ವರ್ಷದಿಂದ?" ಅಂದ್ರು. ನಾನು ಏನೂ ಹೇಳಲಿಲ್ಲ. ಅವರು ಲೋಟ ಕೆಳಗಿಟ್ಟು ಸೆರಗು ಸರಿ ಮಾಡ್ಕೊಂಡ್ರು.

"ಈ ಊರಿನ ಅಂಗಡಿ ಕ್ಯಾಮೆರಾ ಯಾರು ಹುಡುಕ್ಕೊಂಡು ಬರ್ತಾರೋ" ಅಂತ ಚಿಕ್ಕಪ್ಪ ಅಂದ್ರು. ಎಲ್ಲರೂ ಅನ್ನೋದು ಇದನ್ನೇ. ಹುಡುಕ್ಕೊಂಡು ಬರೋದು ಮನುಷ್ಯರಲ್ಲ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಝಡ್‌ಮ್ಯಾಪ್ ಅನ್ನೋ ಟೂಲ್ ಬಿಟ್ಟರು. ಒಂದೇ ಕಂಪ್ಯೂಟರ್, ಒಂದು ಗಿಗಾಬಿಟ್ ಲೈನ್ ಇದ್ರೆ ಇಡೀ ಐಪಿವಿ4 ಇಂಟರ್ನೆಟ್‌ನ ಪ್ರತಿ ಅಡ್ರೆಸ್‌ನಲ್ಲೂ ಒಂದು ಪೋರ್ಟನ್ನ ಸುಮಾರು 45 ನಿಮಿಷದಲ್ಲಿ ತಟ್ಟಿ ನೋಡಬಹುದು. ತೆರೆದಿರೋ ಬಾಗಿಲುಗಳನ್ನ ಪಟ್ಟಿ ಮಾಡಿ ತೋರಿಸೋ ಶೋಡಾನ್ ಅನ್ನೋ ಸರ್ಚ್ ಎಂಜಿನ್ 2009ರಿಂದಲೇ ಇದೆ. 2016ರ ಮಿರಾಯ್ ಕಥೆ ಸೀನಿಯರ್ಸ್‌ಗೆ ಗೊತ್ತಿರಬಹುದು. ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನ ಹುಡುಕಿ, ಅರವತ್ತು ಚಿಲ್ಲರೆ ಫ್ಯಾಕ್ಟರಿ ಪಾಸ್‌ವರ್ಡ್‌ಗಳನ್ನ ಒಂದೊಂದಾಗಿ ಹಾಕಿ ನೋಡ್ತಿತ್ತು, ಅಷ್ಟೇ ಅದರ ಬುದ್ಧಿವಂತಿಕೆ. ಅದರ ಕೋಡ್ ಬಹಿರಂಗ ಆದ ಮೇಲೆ, ಅಕ್ಟೋಬರ್ 21ರಂದು ಡಿನ್ ಅನ್ನೋ ಡಿಎನ್‌ಎಸ್ ಕಂಪನಿ ಮೇಲೆ ಅಂಥ ಸಾಧನಗಳಿಂದ ದಾಳಿ ಆಗಿ, ಟ್ವಿಟರ್, ನೆಟ್‌ಫ್ಲಿಕ್ಸ್ ಎಷ್ಟೋ ಜನಕ್ಕೆ ಸಿಗದೇ ಹೋದವು. ಮಿರಾಯ್ ಬರೆದವರು ಇಪ್ಪತ್ತರ ಆಸುಪಾಸಿನ ಮೂವರು ಅಮೆರಿಕನ್ ಹುಡುಗರು. ಅವರು ಅದನ್ನ ಶುರು ಮಾಡಿದ್ದು ಮೈನ್‌ಕ್ರಾಫ್ಟ್ ಸರ್ವರ್‌ಗಳ ವ್ಯಾಪಾರದ ಜಗಳದಲ್ಲಿ ಅನ್ನೋದನ್ನ ಓದಿದಾಗ ನನಗೆ ಸ್ವಲ್ಪ ಮುಜುಗರವೇ ಆಯ್ತು.

ಕ್ಯಾಮೆರಾ ಹಾಕಿದ ಹುಡುಗನಿಗೆ ಫೋನ್ ಮಾಡಿ ಬೈಯೋಣ ಅಂತಲೇ ಮಾಡಿದೆ. ಅವನು ನನಗಿಂತ ಐದಾರು ವರ್ಷ ದೊಡ್ಡವನು ಇರಬಹುದು. ಹೇಳಿದ್ದು ಕೇಳಿ: "ಬ್ರದರ್, ಒಂದೊಂದು ಕಂಪನಿ ಡಿವಿಆರ್‌ಗೆ ಒಂದೊಂದು ಪೋರ್ಟು. ಡಿಎಂಜೆಡ್ ಹಾಕಿದ್ರೆ ಎಲ್ಲದಕ್ಕೂ ಆಗುತ್ತೆ. ಪಾಸ್‌ವರ್ಡ್ ಬೇರೆ ಇಟ್ರೆ ಓನರ್ ಮರೀತಾರೆ, ನನಗೆ ಫೋನ್ ಮಾಡ್ತಾರೆ, ಅಷ್ಟು ದೂರ ಪೆಟ್ರೋಲ್ ಹಾಕ್ಕೊಂಡು ಬಂದ್ರೆ ನೂರು ರೂಪಾಯಿ ಕೊಡೋಕೂ ಹಿಂದೆಮುಂದೆ ನೋಡ್ತಾರೆ. ನಮಗೆ ಇದನ್ನ ಹೇಳಿಕೊಟ್ಟೋರು ಯಾರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ವಿಡಿಯೋ ನೋಡಿಯೇ ಮಾಡಿದ್ದು. ನಮ್ಮ ಮನೆ ಹಿಂದೆ ದೊಡ್ಡ ಗೇಟು ಇಲ್ಲದಿದ್ರೆ ನನ್ನ ಲ್ಯಾಪ್‌ಟಾಪೂ ಅವತ್ತೇ ಬೀದಿಗೆ ಬಿದ್ದಿರೋದು. ಅದರ ಎಸ್‌ಎಸ್‌ಎಚ್ ಪಾಸ್‌ವರ್ಡ್ ಏನಿತ್ತು ಅಂತ ಇಲ್ಲಿ ಬರೆಯಲ್ಲ.

ಇಲ್ಲಿಗೆ ನನ್ನ ವಾದ ಬರುತ್ತೆ. ಒಂದು ಮನೇಲಿ ಬೇಕು ಅಂದ್ರೂ ಬಾಗಿಲು ತೆಗೆಯೋಕೆ ಆಗ್ತಿಲ್ಲ. ಇನ್ನೊಂದು ಅಂಗಡೀಲಿ ಎಲ್ಲಾ ಬಾಗಿಲೂ ತೆರೆದಿವೆ, ಓನರ್‌ಗೇ ಗೊತ್ತಿಲ್ಲ. ಎರಡೂ ಕಡೆ ತೀರ್ಮಾನ ಮಾಡಿದ್ದು ಒಳಗಿರೋರಲ್ಲ. ಕೆಲವು ಸೀನಿಯರ್ಸ್ ಹತ್ತಿರ ಇದನ್ನ ಹೇಳಿದಾಗ, "ಸಿಜಿನ್ಯಾಟ್ ಇರೋದೇ ಒಳ್ಳೇದು, ಗೊತ್ತಿಲ್ಲದೋರನ್ನ ಕಾಪಾಡುತ್ತೆ" ಅಂದ್ರು. ಚಿಕ್ಕಮ್ಮನ ಮುಖ ನೋಡಿದ ಮೇಲೆ ನಾನು ಅರ್ಧ ಒಪ್ತೀನಿ. ಆದ್ರೆ ಅಡ್ರೆಸ್ ಖಾಲಿ ಆಯ್ತು ಅಂತ ಹಾಕಿದ ಗೇಟನ್ನ ಸೆಕ್ಯುರಿಟಿ ಅಂತ ಹೊಗಳೋದು ಸರಿಯಲ್ಲ. ಅದಕ್ಕೆ ಬೇಕಿರೋದು ಫೈರ್‌ವಾಲ್, ಮತ್ತು ಅದರ ಸ್ವಿಚ್ ನಮ್ಮ ಕೈಯಲ್ಲಿರಬೇಕು. ಐಪಿವಿ6ನಲ್ಲಿ ಅಡ್ರೆಸ್ 128 ಬಿಟ್‌ದು, ಪ್ರತಿ ಸಾಧನಕ್ಕೂ ಸ್ವಂತ ಪಬ್ಲಿಕ್ ಅಡ್ರೆಸ್ ಕೊಟ್ಟರೂ ಮುಗಿಯಲ್ಲ, ಈ ವಠಾರದ ಲೆಕ್ಕವೇ ಬೇಡ. ರೌಟರ್‌ನ ಫೈರ್‌ವಾಲ್ ಹೊರಗಿಂದ ಬಂದವರನ್ನ ತಡೀಬೇಕು, ನಮಗೆ ಬೇಕಾದ ಒಂದನ್ನ ಮಾತ್ರ ನಾವು ಬಿಡಬೇಕು. ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನ ಮುಂದಿರೋ ದೇಶಗಳಲ್ಲೊಂದು, ಅದಕ್ಕೆ ದೊಡ್ಡ ಕಾರಣ ಮೊಬೈಲ್ ನೆಟ್‌ವರ್ಕ್. ನಮ್ಮನೇಲಿ ನನ್ನ ಫೋನಿಗೆ ಅದು ಬರುತ್ತೆ, ಫೈಬರ್‌ಗೆ ಬರಲ್ಲ. ಅಂಕಲ್‌ಗೆ ಅದನ್ನೂ ಕೇಳಿದ್ದೀನಿ. "ಮೇಲಿನವರನ್ನ ಕೇಳಿ ಹೇಳ್ತೀನಪ್ಪ" ಅಂದಿದ್ದಾರೆ. ನೀವೂ ನಿಮ್ಮ ನಿಮ್ಮ ಅಂಕಲ್‌ಗಳನ್ನ ಕೇಳಿ. ಒಬ್ಬ ಕೇಳಿದ್ರೆ ತರಲೆ ಅಂತಾರೆ, ಐವತ್ತು ಜನ ಕೇಳಿದ್ರೆ ಮೇಲಿನವರಿಗೆ ಹೇಳ್ತಾರೆ.

ಅಲ್ಲಿವರೆಗೆ? ಅಡ್ರೆಸ್ ಫಿಕ್ಸ್ ಮಾಡೋದನ್ನ ಎಲ್ಲರೂ ಮಾಡಿ, ಪ್ರಿಂಟರ್‌ಗಾದ್ರೂ ಮಾಡಿ, ಅದರಿಂದ ಯಾವ ಅಪಾಯವೂ ಇಲ್ಲ. ಪೋರ್ಟ್ ಫಾರ್ವರ್ಡ್ ಮಾತ್ರ ಸುಮ್ಮನೆ ಮಾಡಬೇಡಿ. ರಜೆಗೆ ಹೋದಾಗ ಮನೆ ರೌಟರ್ ಒಳಗೆ ಒಮ್ಮೆ ಹೋಗಿ ಡಿಎಂಜೆಡ್ ಆನ್ ಇದ್ಯಾ, ಯುಪಿಎನ್‌ಪಿ ಆನ್ ಇದ್ಯಾ ನೋಡಿ. ಯುಪಿಎನ್‌ಪಿ ಆನ್ ಇದ್ರೆ ಮನೆಯ ಯಾವುದೋ ಕ್ಯಾಮೆರಾ ಅಥವಾ ಗೇಮ್ ನಿಮ್ಮನ್ನ ಕೇಳದೆ ತಾನೇ ಬಾಗಿಲು ತೆಗೆದುಕೊಳ್ಳಬಹುದು. ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಇನ್ನೂ ಹಿಂದಿನ ಸ್ಟಿಕರ್‌ನದ್ದೇ ಇದ್ರೆ ಮೊದಲು ಅದನ್ನ ಬದಲಾಯಿಸಿ. ಹಾಸ್ಟೆಲ್ ವೈಫೈನಲ್ಲಿ ಮಾತ್ರ ಈ ಪ್ರಯೋಗ ಬೇಡ, ಅದು ನಮ್ಮ ವಠಾರ ಅಲ್ಲ.

ಚಿಕ್ಕಪ್ಪನ ಅಂಗಡಿಗೆ ನಾನು ಮಾಡಿದ್ದು ಇಷ್ಟು. ಡಿಎಂಜೆಡ್ ಇಲ್ಲ, ಡಿವಿಆರ್‌ಗೆ ಹೊಸ ಪಾಸ್‌ವರ್ಡ್, ಹೊರಗಿಂದ ಅದಕ್ಕೆ ದಾರಿಯೇ ಇಲ್ಲ. ಅಂಗಡಿಯ ಹಳೇ ಬಿಲ್ಲಿಂಗ್ ಕಂಪ್ಯೂಟರ್‌ಗೆ ರೌಟರ್‌ನಲ್ಲಿ ಅಡ್ರೆಸ್ ರಿಸರ್ವ್ ಮಾಡಿ, ಅದರಲ್ಲಿ ವೈರ್‌ಗಾರ್ಡ್ ಹಾಕಿದ್ದೀನಿ. ಅದಕ್ಕೆ ಮಾತ್ರ ಒಂದು ಪೋರ್ಟ್, 51820. ಇದರ ಚಂದ ಏನಂದ್ರೆ ಸರಿಯಾದ ಕೀ ಇಲ್ಲದೆ ತಟ್ಟಿದವರಿಗೆ ಅದು ಉತ್ತರವನ್ನೇ ಕೊಡಲ್ಲ, ಅಲ್ಲೊಂದು ಬಾಗಿಲಿದೆ ಅಂತಲೂ ಗೊತ್ತಾಗಲ್ಲ. ಚಿಕ್ಕಪ್ಪ ಫೋನಿನಲ್ಲಿ ಮೊದಲು ಒಂದು ಸ್ವಿಚ್ ಆನ್ ಮಾಡಿ ಆಮೇಲೆ ಕ್ಯಾಮೆರಾ ಆ್ಯಪ್ ತೆಗೀಬೇಕು. "ಎರಡೆರಡು ಕೆಲಸ ಆಯ್ತಲ್ಲೋ" ಅಂತ ಗೊಣಗಿದ್ರು. ಚಿಕ್ಕಮ್ಮ, "ಆಗ್ಲಿ ಬಿಡಿ" ಅಂದ್ರು.

ನಮ್ಮನೇಲಿ ದೊಡ್ಡ ಗೇಟು ಹಾಗೇ ಇದೆ. ಮೈನ್‌ಕ್ರಾಫ್ಟ್ ಸದ್ಯ ಟೈಲ್‌ಸ್ಕೇಲ್ ಮೇಲೆ ನಡೀತಿದೆ. ಎರಡೂ ಕಡೆಯವರು ಒಳಗಿಂದ ಹೊರಗೆ ಹೋಗಿ ಭೇಟಿ ಆಗ್ತಾರೆ, ಪೋರ್ಟ್ ತೆಗೆಯೋ ಮಾತೇ ಇಲ್ಲ. ತಮಾಷೆ ಅಂದ್ರೆ ಅದು ಕೊಡೋ ಅಡ್ರೆಸ್ ಕೂಡ ಅದೇ 100.64ರ ಗುಂಪಿನದ್ದು. ಆದ್ರೆ ಇದರಲ್ಲೂ ನಾವು ಒಂದು ಕಂಪನಿಯ ಸರ್ವರ್ ನಂಬ್ಕೊಂಡೇ ಇದ್ದೀವಿ, ಆ ಬೇಜಾರು ಹೋಗಿಲ್ಲ.

ಕ್ಯಾಮೆರಾ ಹುಡುಗ ಮೊನ್ನೆ ಅವನೇ ಫೋನ್ ಮಾಡಿದ್ದ. ಚಿಕ್ಕಪ್ಪನ ಅಂಗಡಿ ರಸ್ತೆಯಲ್ಲೇ ಇನ್ನೂ ನಾಲ್ಕು ಕಡೆ ಅದೇ ರೀತಿ ಹಾಕಿದ್ದಾನಂತೆ, ಅದರಲ್ಲಿ ಒಂದು ಹುಡುಗೀರ ಪಿಜಿ. ಮುಂದಿನ ರಜೆಗೆ ಬಂದಾಗ ಒಟ್ಟಿಗೆ ಹೋಗೋಣ ಅಂದಿದ್ದ. ಪಿಜಿ ಅಂತ ಕೇಳಿದ ಮೇಲೆ ರಜೆವರೆಗೆ ಕಾಯೋದು ಬೇಡ ಅನ್ನಿಸ್ತು. ಈ ಶನಿವಾರ ಇಂಟರ್ನಲ್ಸ್ ಮುಗಿದ ಕೂಡಲೇ ಬಸ್ ಹತ್ತಬೇಕು ಅಂತಿದ್ದೀನಿ. ಪೆಟ್ರೋಲ್ ಅವನದು, ಊಟ ನನ್ನದು.